ಗಾಳಿ ಹೋಯಿತೇ

ಬೆಳಿಗ್ಗೆ ಏಳಕ್ಕೆ ಡಾಕ್ಟರು ಬಂದು ಕೇಳುತ್ತಾರೆ,
ಗಾಳಿ ಹೋಯಿತೇ ತಾಂಡೇಲರೇ?
ಇಲ್ಲ ಎನ್ನುತ್ತೇನೆ.
ನಲವತ್ತು ವರ್ಷ ಹಾಯಿ ಕಟ್ಟಿದವನು
ಗಾಳಿ ಇಲ್ಲವೆಂದು ಇನ್ನೊಬ್ಬರಿಗೆ ಹೇಳುವ ನಾಚಿಕೆ
ಅವರಿಗೆ ತಿಳಿಯದು.

ಕೊಯ್ದು ತೆಗೆದದ್ದು ಒಂದು ಮಾರು.
ಉಳಿದದ್ದನ್ನು ತುದಿಗೆ ತುದಿ ಕೂಡಿಸಿ ಹೊಲಿದಿದ್ದಾರೆ.
ಯಾವ ಗಂಟು ಹಾಕಿದಿರಿ ಎಂದೆ.
ಇದು ಬಲೆಯಲ್ಲ ಅಜ್ಜ, ಎಂದು ನಕ್ಕರು.
ಬಲೆಯಾಗಿದ್ದರೆ ನಾನೇ ಎಳೆದು ನೋಡುತ್ತಿದ್ದೆ.

ಹೊಕ್ಕುಳ ಪಕ್ಕ ದಿನಕ್ಕೊಂದು ಸೂಜಿ.
ಬೆಳೆಯುವ ಮಕ್ಕಳ ಮೈಯಲ್ಲಿ
ತಾನಾಗಿ ಒಸರುವ ಹಾರ್ಮೋನಂತೆ;
ಎಪ್ಪತ್ತಾರಕ್ಕೆ ನನಗೆ!
ಹಾಗಾದರೆ ಹಲ್ಲೂ ಬರುತ್ತದೋ ಎಂದರೆ
ಸಿಸ್ಟರ್ ಸುಲಭಾ ಹತ್ತಿ ಒತ್ತಿ ಹಿಡಿದು,
ಒಳಗೆ ಚಿಗುರಿದರೆ ಸಾಕು, ಸುಮ್ಮನಿರಿ, ಅಂದಳು.

ಸುಭದ್ರೆ ಮಾರ್ಕೆಟ್ಟಿನಿಂದ ನೇರ ಬರುತ್ತಾಳೆ.
ಸೀರೆಯ ತುಂಬ ಬಂಗಡೆ,
ಡಬ್ಬಿಯಲ್ಲಿ ಬರೀ ಗಂಜಿತಿಳಿ.
ದಿನಕ್ಕೆ ಆರು ಸಲ, ಸಲಕ್ಕೆ ಆರು ಚಮಚ;
ಚೀಟಿಯಲ್ಲಿ ಎಣ್ಣೆ ಇಲ್ಲ, ಹುಳಿ ಇಲ್ಲ, ತೆಪ್ಪಳದ ಮಾತೇ ಇಲ್ಲ.
ಆ ಸೆರಗಿನ ವಾಸನೆಗೆ
ಹಳೆಯ ಕರುಳಾಗಿದ್ದರೆ ಎದ್ದು ಕೂರುತ್ತಿತ್ತು.
ಈ ಹೊಲಿದ ಕರುಳು
ಇನ್ನೂ ನಮ್ಮ ಮನೆಯ ಭಾಷೆ ಕಲಿತಿಲ್ಲ.

ಒಂಬತ್ತನೆಯ ರಾತ್ರಿ.
ಬೈತಖೋಲದ ಕಡೆ ಎಂಜಿನ್ನುಗಳು ಕೆಮ್ಮತೊಡಗಿದ್ದವು,
ನೆಲದಿಂದ ನೀರಿಗೆ ಗಾಳಿ ತಿರುಗುವ ಹೊತ್ತು.
ಹೊಟ್ಟೆಯಲ್ಲಿ ಏನೋ ಗುಳುಗುಳು,
ದೋಣಿಯ ತಳಕ್ಕೆ ನೀರು ತಟ್ಟಿದ ಹಾಗೆ.
ಉಸಿರು ಬಿಗಿಹಿಡಿದು ಕಾದೆ.
ಆಮೇಲೆ ಸಣ್ಣದಾಗಿ,
ಮಾನ ಮರ್ಯಾದೆ ನೋಡದೆ,
ಹೋಯಿತು.

ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆಹೋಗಿದ್ದ ಸುಭದ್ರೆ
ಕಣ್ಣು ತೆರೆಯದೆ ಕೇಳಿದಳು,
ಯಾವ ದಿಕ್ಕಿನದು?