ವೇಬಿಲ್ಲಿಗೆ ಬಾರದ ಒಂದು

ಓಟ್ಸ್ ಅಂದರೆ ಕುದುರೆ ಮೇವಲ್ಲವೇನೇ ಸುಲಭಾ
ಎಂದಳು ಅತ್ತೆ ಶೇವಂತಿಬಾಯಿ, ಪೊಟ್ಟಣಕ್ಕೆ ಮೂಗು ತಾಗಿಸಿ.
ಮೂವತ್ತು ವರ್ಷ ಬಂಗಡೆಯ ಕಿವಿರು ಎತ್ತಿ
ತಾಜಾ ಹೌದೋ ಅಲ್ಲವೋ ಹೇಳಿದ ಮೂಗು ಅದು.
ಅದಕ್ಕೆ ಓಟ್ಸಿನಲ್ಲಿ ಏನೂ ಸಿಗಲಿಲ್ಲ.

ಭಾನುವಾರ ನನ್ನ ವಾರದ ರಜೆ.
ಸಣ್ಣ ಉರಿಯಲ್ಲಿ ಹುರಿಯುತ್ತೇನೆ,
ಒಣಹುಲ್ಲಿಗೆ ಬಿಸಿಲು ಬಿದ್ದ ವಾಸನೆ ಏಳುವವರೆಗೆ.
ಕಾಯಿತುರಿ ಬೇರೆ, ಎಳ್ಳು ಬೇರೆ,
ಚೂರು ಗೋಡಂಬಿ, ಇಡಿಯದರ ಅರ್ಧ ಬೆಲೆಗೆ ಬರುವಂಥದ್ದು.
ಮೈದಾ ಇಲ್ಲ. ಸಕ್ಕರೆ ಇಲ್ಲ.
ಅಂಕೋಲೆಯ ಜೋನಿಬೆಲ್ಲ, ತುಪ್ಪ, ಒಂದು ಚಿಟಿಕೆ ಉಪ್ಪು.
ಮೊದಲ ಸಲ ಬೆಲ್ಲ ಮಿಕ್ಕಿ
ಎಲ್ಲ ಕುಕ್ಕಿಗಳೂ ಹರಿದು ಒಂದೇ ಚಾಪೆಯಾಗಿತ್ತು;
ಗಂಡ ಐಸು ಒಡೆಯುವ ಸುತ್ತಿಗೆ ತಂದು
ಒಂದೇ ಪೆಟ್ಟಿಗೆ ಪಾಲು ಮಾಡಿದ್ದ.

ನಮ್ಮಲ್ಲಿ ಓವನ್ ಇಲ್ಲ.
ಕೋಡಿಬಾಗದ ಇನಾಸನ ಭಟ್ಟಿಯಲ್ಲಿ
ಸಂಜೆಯ ಪಾವು ಇಳಿದ ಮೇಲೆ
ಇಟ್ಟಿಗೆಗೆ ಇನ್ನೂ ಒಂದು ತಾಸಿನ ಕಾವು.
‘ಉಳಿದ ಬಿಸಿಗೆ ಟಿಕೆಟ್ ಇಲ್ಲ ಬಾಯೀ’ ಎನ್ನುತ್ತಾನೆ.
ಅವನ ಮಗನಿಗೆ ಒಂದು ದಿನವೂ
ಟಿಕೆಟ್ ಬಿಟ್ಟವಳಲ್ಲ ನಾನು. ಅದೂ ಅವನಿಗೆ ಗೊತ್ತು.

ಮೂವತ್ತಾರು.
ಮೂರು ಜನ, ದಿನಕ್ಕೆರಡು, ಆರು ದಿನ.
ತಲೆ ಎಣಿಸುವುದೇ ನನ್ನ ನೌಕರಿ, ತಪ್ಪುವುದಿಲ್ಲ.

ನಾವು ನಾಲ್ವರೂ ಒಟ್ಟಿಗೆ ಕೂತು ಉಂಡದ್ದು ಚೌತಿಗೆ.
ಉಮಾಕಾಂತ ಬೈತಖೋಲಿನ ಐಸ್ ಫ್ಯಾಕ್ಟರಿಯಿಂದ
ಮರಗಟ್ಟಿದ ಬೆರಳು ಊದಿಕೊಳ್ಳುತ್ತ ಮನೆಗೆ ಬರುವಾಗ
ನಾನು ಐದೂವರೆಯ ಬಸ್ಸಿನಲ್ಲಿ ಬಿಣಗಾ ದಾಟಿರುತ್ತೇನೆ.
ಮಾನಸಿ ಪಾಲಿಟೆಕ್ನಿಕ್ಕಿಗೆ, ತಲೆ ಬಾಚುತ್ತಲೇ.
ಅತ್ತೆ ಪೇಟೆಗೆ, ಬುಟ್ಟಿಗೆ ನೀರು ಚಿಮುಕಿಸಿ.
ಹಗಲಿಡೀ ಮನೆಯಲ್ಲಿರುವುದು ಡಬ್ಬ ಒಂದೇ.

ರಾತ್ರಿ ಬಂದು, ಚಪ್ಪಲಿಗೂ ಮೊದಲು, ಮುಚ್ಚಳ ತೆಗೆಯುತ್ತೇನೆ.
ಓರೆಯಾಗಿ ಮುಚ್ಚಿದ್ದರೆ ಮಾನಸಿಗೆ ಹೊತ್ತಾಗಿತ್ತು.
ಎಳ್ಳು ಚೆಲ್ಲಿದ್ದರೆ ಗಂಡ,
ಬೆರಳಿಗೆ ಹಿಡಿತ ಇನ್ನೂ ಬಂದಿರಲಿಲ್ಲ.
ಚಹದ ಲೋಟದ ತಳದಲ್ಲಿ ನೆನೆದ ಚೂರು: ಅತ್ತೆ.
ಕುದುರೆ ಮೇವೆಂದವಳು!
ಬುಧವಾರ ರಾತ್ರಿ ಹದಿನೆಂಟು ಉಳಿದವು.
ಸರಿಯಾಗಿ ಹದಿನೆಂಟು.

ಗುರುವಾರ ಅವರ್ಸಾದಲ್ಲಿ
ಯಾರದೋ ನೂರರ ನೋಟಿಗೆ ಚಿಲ್ಲರೆ ಹುಡುಕುತ್ತ
ಚೀಲದ ತಳಕ್ಕೆ ಕೈ ಹಾಕಿದರೆ
ಹಳೆಯ ಪೇಪರಿನ ಪುಟ್ಟ ಕಟ್ಟು,
ಬಾಳೆನಾರಿನ ಬಿಗಿ, ಮೀನು ಮಾರುವವರ ಗಂಟು.
ಒಳಗೆ ಒಂದು. ಅಂಚು ಮುರಿದಿದೆ. ಬಂಗಡೆಯ ವಾಸನೆ.
ಅದರ ಕೆಳಗೆ ಇನ್ನೊಂದು ಕಟ್ಟು, ನಿನ್ನೆಯದು.
ಮೊನ್ನೆಯದು ಪುಡಿಯಾಗಿ
ಐದರ ನಾಣ್ಯಗಳಿಗೆ ಮೆತ್ತಿಕೊಂಡಿದೆ.
ಅಮದಳ್ಳಿಯ ಮಾಸ್ತರರು ‘ಇದೇನು ದುಡ್ಡು ಅಂಟುತ್ತದಲ್ಲ’
ಎಂದು ಅಂಗೈ ಒರೆಸಿಕೊಂಡದ್ದು ಇದಕ್ಕೇ.

ಎಣಿಸುವವಳನ್ನು ಎಣಿಸುವುದಿಲ್ಲ, ಅದು ಬಸ್ಸಿನ ರೂಢಿ.
ಐವತ್ತೆರಡು ಸೀಟಿನ ಯಾವ ಲೆಕ್ಕದಲ್ಲೂ ನಾನಿಲ್ಲ.
ಮನೆಗೂ ಅದೇ ರೂಢಿ ಹಚ್ಚಿ
ಹದಿನೆಂಟು ಸರಿಹೊಂದಿತೆಂದು ನಿದ್ದೆ ಮಾಡಿದ್ದೆ.
ಸಹಿ ಹಾಕಲು ಹೆಬ್ಬೆಟ್ಟು ಒತ್ತುವವಳು
ನಸುಕಿನ ನಾಲ್ಕಕ್ಕೆ ಎದ್ದು
ಮೊಳೆಗೆ ತೂಗುಹಾಕಿದ ಚೀಲದಲ್ಲಿ
ತನ್ನ ಎರಡರಲ್ಲಿ ಒಂದನ್ನು ಇಳಿಸಿ ತಿದ್ದಿದ್ದಾಳೆ.

‘ಏನು ಬಾಯೀ, ಹೋಗಲಾ?’ ಡ್ರೈವರು ಕನ್ನಡಿಯಲ್ಲಿ ನೋಡಿದ.
ರೈಟ್ ಅನ್ನಲು ಬಾಯಿ ಖಾಲಿಯಿರಲಿಲ್ಲ.
ಬಸ್ಸಿನ ತಗಡಿಗೆ ಎರಡು ಸಲ ಬಡಿದೆ.