ನಾಲ್ಕು ಬಟ್ಟಲಿನ ತಟ್ಟೆ

ಅಸೆಲ್ಲಾದ ಬೆಳಗಿಗೆ ನೆನೆದ ಬಾರ್ಲಿಯ ವಾಸನೆ.
ಚಿಲಾಲೊ ಬೆಟ್ಟ ಇನ್ನೂ ಮುಸುಕೆಳೆದು ಮಲಗಿದೆ.
ಕತ್ತೆಗಾಡಿಯ ಮೇಲೆ ಹಳದಿ ಕ್ಯಾನುಗಳು
ಒಂದಕ್ಕೊಂದು ಡಿಕ್ಕಿ ಹೊಡೆದು ಬೈದಾಡುತ್ತಿವೆ.
ನನ್ನ ಚೀಲದಲ್ಲಿ ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ,
ಒಂದು ಸೀಸೆ ನೇರಳೆ ದ್ರವ.
"ಬಂದ ನೋಡು ಹಾಲಿನ ಪೊಲೀಸ್," ಅನ್ನುತ್ತಾಳೆ ಶಾಶಿತು
ಕರೆಯುವ ಕೈ ನಿಲ್ಲಿಸದೆ.

ಅವಳ ಬುರ್ರೆ, ಮಚ್ಚೆಗಳ ಹಸು,
ಮೊನ್ನೆಯವರೆಗೂ ಹನ್ನೊಂದು ಲೀಟರು, ಈಗ ಒಂಬತ್ತು.
ಕೆಚ್ಚಲಲ್ಲಿ ಬಾವಿಲ್ಲ, ಕೆಂಪಿಲ್ಲ, ಮುಟ್ಟಿದರೆ ಒದೆಯುವುದಿಲ್ಲ.
ಹಾಲು ನೋಡಿದರೆ ಹಾಲೇ. ಬೆಳ್ಳಗಿದೆ.
"ನನ್ನ ಹಸುವಿಗೇನಾಗಿದೆ?"
ಪ್ರಶ್ನೆಯಲ್ಲ ಅದು; ಬಾಗಿಲು ಹಾಕಿದ ಸದ್ದು.

ಒಂದೊಂದು ತೊಟ್ಟಿನಿಂದ ಒಂದೊಂದು ಬಟ್ಟಲಿಗೆ ಎರಡು ಧಾರೆ,
ಮೇಲೆ ಅಷ್ಟೇ ನೇರಳೆ.
ಮೊರದಲ್ಲಿ ಕಾಳು ಒನೆಯುವಂತೆ ಮೆಲ್ಲಗೆ ತಿರುಗಿಸುತ್ತೇನೆ.
ಮುಂದಿನ ಎರಡೂ ನೀರಿನ ಹಾಗೆ ಓಡಾಡುತ್ತವೆ.
ಹಿಂದಿನ ಬಲ, ಅದೂ ಸರಿ.
ಹಿಂದಿನ ಎಡ
ತಡೆಯುತ್ತದೆ. ಲೋಳೆಗಟ್ಟುತ್ತದೆ.
ಬಟ್ಟಲ ನಡುವೆ ಗುಪ್ಪೆಯಾಗಿ ನಿಲ್ಲುತ್ತದೆ,
ಏನೋ ಹೇಳಲು ಹೊರಟು ಗಂಟಲು ಕಟ್ಟಿದವರ ಹಾಗೆ.

ನನ್ನ ಪುಸ್ತಕದಲ್ಲಿ ಈ ಮಳೆಗಾಲದ ಲೆಕ್ಕ:
ನೋಡಿದ ಹಸು ನೂರ ಎಂಬತ್ತಾರು.
ಕೆಚ್ಚಲು ಕಲ್ಲಾಗಿ, ಹಾಲು ಒಡೆದು, ಜ್ವರವೇರಿ
ಕಣ್ಣಿಗೆ ಕಂಡವು ಒಂಬತ್ತು.
ಬಾಯಿ ಬಿಡದೆ ನಿಂತವು ಎಪ್ಪತ್ತೆಂಟು.
ಒಂಬತ್ತಕ್ಕೆ ಔಷಧಿಯುಂಟು, ಹರಕೆಯುಂಟು,
ನೆರೆಹೊರೆಯ ಮರುಕವುಂಟು.
ಎಪ್ಪತ್ತೆಂಟಕ್ಕೆ ನಾನೊಬ್ಬನೇ,
ಅದೂ ಪೆನ್ಸಿಲಿನಲ್ಲಿ.

ಲ್ಯಾಬಿನಲ್ಲಿ ಕುರಿಯ ನೆತ್ತರು ಬೆರೆಸಿದ ಅಗರಿನ ಮೇಲೆ
ಹಾಲಿನ ಗೀರೆಳೆದು ಒಂದಿರುಳು ಬೆಚ್ಚಗಿಟ್ಟರೆ
ಅವರವರ ಗುಣ ಅವರವರೇ ಹೇಳುತ್ತಾರೆ.
ಇ. ಕೊಲೈ, ಸಗಣಿಯ ಹಾಸಿನಿಂದ ಎದ್ದು ಬಂದವನು, ಅವಸರದವನು;
ಸಂಜೆ ಒಳಹೊಕ್ಕು ಬೆಳಗಾಗುವಷ್ಟರಲ್ಲಿ ಹಸುವನ್ನೇ ಕೆಡವಿಬಿಟ್ಟಾನು.
ಸ್ಟ್ರೆಪ್ಟೊಕಾಕಸ್, ಪೋಣಿಸಿದ ಮಣಿಸಾಲು,
ಪೆನ್ಸಿಲಿನ್ ಅಂದರೆ ಇನ್ನೂ ಹೆದರುತ್ತಾನೆ, ಪುಣ್ಯ.
ಮತ್ತೆ ಇವನು, ಸ್ಟಫೈಲೊಕಾಕಸ್ ಆರಿಯಸ್:
ದ್ರಾಕ್ಷಿಗೊಂಚಲು, ಹೊನ್ನಿನ ಬಣ್ಣ,
ಸುತ್ತ ನೆತ್ತರು ಕರಗಿಸಿದ ತಿಳಿ ಉಂಗುರ.
ಇವನಿಗೆ ಅವಸರವೇ ಇಲ್ಲ.
ಹಾಲಿನ ಗೂಡುಗಳ ನಡುವೆ ಸಣ್ಣ ಕೋಟೆ ಕಟ್ಟಿ
ಸೂಲಿನಿಂದ ಸೂಲಿಗೆ ಕಾಯುತ್ತಾನೆ.

ಬುರ್ರೆಯ ಹಿಂದಿನ ಎಡ: ಇವನೇ.
ಶಾಶಿತುವಿನ ಬಲ ಹೆಬ್ಬೆರಳ ಬಿರುಕು: ಇವನೇ.

ಹೇಗೆ ಹೇಳಲಿ?
ಮೂವತ್ತು ವರ್ಷ ಕರೆದ ಕೈ.
ಕರು ಸತ್ತ ಹಸುವೂ ತೊರೆಬಿಡುವ ಕೈ.
ಬೆಣ್ಣೆ ಸವರಿಕೊಂಡು ಮನೆಯ ಮೂರು, ನೆರೆಯ ನಾಲ್ಕು,
ಮುದ್ದಿನವಳೆಂದು ಬುರ್ರೆಯೇ ಮೊದಲು,
ಎಲ್ಲರ ಕೆಚ್ಚಲಿಗೂ ಒಂದೇ ಒರೆಸುವ ಬಟ್ಟೆ.
ಮೊದಲ ಧಾರೆ ನೆಲಕ್ಕೆ,
ಅದು ಭೂಮಿಯ ಪಾಲೆಂದು ಅವಳ ಅಜ್ಜಿ ಕಲಿಸಿದ್ದು.

ಹೇಳಿದೆ. ಬಟ್ಟೆ ಬೇರೆ ಬೇರೆ ಇರಲಿ.
ಮೊದಲ ಧಾರೆ ಕಪ್ಪು ಬಟ್ಟಲಿಗೆ.
ಕರೆದಾದ ಮೇಲೆ ತೊಟ್ಟು ಅಯೋಡಿನ್‌ನಲ್ಲಿ ಅದ್ದು.
ಬುರ್ರೆ ಕೊನೆಗೆ.
"ಕೊನೆಗೆ?"
ಉಳಿದದ್ದೊಂದೂ ಕೇಳಿಸಿರಲಿಲ್ಲ ಅವಳಿಗೆ.
ಕೈಯನ್ನು ಮಡಿಲೊಳಗೆ ಮುಚ್ಚಿಟ್ಟುಕೊಂಡಳು
ಕದ್ದ ಮಾಲಿನಂತೆ.

ಆ ರಾತ್ರಿ ಒಂದು ಹತ್ತಿಕಡ್ಡಿ ಉಳಿದಿತ್ತು.
ನನ್ನ ಮೂಗಿಗೇ ಇಟ್ಟು ಗೀರಿದೆ. ಸುಮ್ಮನೆ.
ಎರಡನೆಯ ಬೆಳಗು ಮುಚ್ಚಳ ತೆಗೆದರೆ
ಹೊನ್ನು. ತುಂಬು ಆರೋಗ್ಯದ ಹೊನ್ನು.
ವರದಿಯಲ್ಲಿ ಇದಕ್ಕೊಂದು ಕಾಲಮ್ಮಿಲ್ಲ.
ಡಾಕ್ಟರ್ ಹುಂಡೆಸಾ ನಕ್ಕರು, "ಎಷ್ಟೋ ಜನರ ಮೂಗಲ್ಲಿರುತ್ತೆ, ಬಿಸಾಡು."

ಬಿಸಾಡಲಿಲ್ಲ. ಟೇಪು ಸುತ್ತಿ ಒಯ್ದು ತೋರಿಸಿದೆ.
"ಇದು ನನ್ನ ಬೆರಳಿನದಾ?"
"ಅಲ್ಲ, ನನ್ನ ಮೂಗಿನದು."
ಕೂತ ಮಣೆ ಅಲುಗುವಷ್ಟು ನಕ್ಕಳು ಶಾಶಿತು,
ಮಗಳು ಗೆಲನೆಯನ್ನು ಕೂಗಿ ಕರೆದಳು:
"ಪೊಲೀಸನ ಮೂಗಲ್ಲೇ ಕಳ್ಳ ಕಣೆ!"
ನಕ್ಕು ನಕ್ಕು, ಕಣ್ಣೊರೆಸಿ, ಎದ್ದು
ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು.
ದಾಲತ್ತೆಯ ಬಳಿ ಮೊದಲು ಕುಕ್ಕರಗಾಲಲ್ಲಿ ಕೂತಳು.

ಬುರ್ರೆ ತಿರುಗಿ ನೋಡಿತು.
ಒಮ್ಮೆ ಕೂಗಿತು.
ಸರದಿ ಬರುವ ಮೊದಲೇ ತೊರೆಬಿಟ್ಟು
ನಾಲ್ಕೂ ತೊಟ್ಟಿನಿಂದ ನೆಲಕ್ಕೆ ತೊಟ್ಟಿಕ್ಕತೊಡಗಿತು.
ಬರೆದುಕೊಳ್ಳಬೇಕಿತ್ತು ನಾನು.
ಪೆನ್ಸಿಲು ಕಿವಿಯ ಮೇಲೆಯೇ ಇತ್ತು.