ನಾಲ್ಕನೇ ಜ್ವರ ಎದ್ದ ಮೇಲೆ

ತಟ್ಟೆಯ ಹಾಸು ಬದಲಿಸುವಾಗ
ಹಿಕ್ಕೆ ಕೊಡವಿದರೆ ಕೆಳಗೊಂದು ಹಳೆಯ ಪತ್ರಿಕೆ.
ಅರ್ಧ ಪುಟ ಸೊಪ್ಪಿನ ಕಲೆ,
ಉಳಿದರ್ಧ ಆಕಾಶ.

ಒಂದೇ ಮಸುಕು ಚುಕ್ಕೆ ಅಂದುಕೊಂಡಿದ್ದರಂತೆ.
ಎಲ್ಲೋ ಮರಳುಗಾಡಿನ ಎತ್ತರದಲ್ಲಿ
(ಅಲ್ಲೂ ತಟ್ಟೆಗಳೇ, ಮನೆಯಷ್ಟು ದೊಡ್ಡವು)
ಸಾಲಾಗಿಟ್ಟು ನೋಡಿದರೆ
ಹದಿನಾಲ್ಕು ಗೆಲಾಕ್ಸಿ,
ಒಂದರ ಮೈಗೊಂದು ಒತ್ತಿಕೊಂಡು,
ಧೂಳು ಹೊದ್ದು, ಒಳಗೊಳಗೇ ನಕ್ಷತ್ರ ಕಟ್ಟುತ್ತ.
ಲೋಕಕ್ಕಾಗ ನೂರೈವತ್ತು ಕೋಟಿ ವರ್ಷವೂ ತುಂಬಿರಲಿಲ್ಲವಂತೆ.
ಮುಂದಿನ ಸಾಲು ಒದ್ದೆಯಾಗಿ ಹರಿದಿತ್ತು.

"ಓದ್ತಾ ನಿಂತ್ಯಲ್ಲೇ, ಹುಳ ಉಪವಾಸ"
ಪಿಳ್ಳಮ್ಮತ್ತೆಯ ಕೂಗು.
ಹೌದು, ನಾಲ್ಕನೇ ಜ್ವರ ಎದ್ದಿವೆ.
ಇಪ್ಪತ್ತು ದಿನ ತಿಂದದ್ದು ನಾಲ್ಕು ಹೊರೆ,
ಇನ್ನು ಏಳು ದಿನಕ್ಕೆ ಇಡೀ ತೋಟ.
ಜ್ವರಕ್ಕೆಂದು ಉದುರಿಸಿದ ಸುಣ್ಣದ ಪುಡಿ
ನನ್ನ ರೆಪ್ಪೆಯ ಮೇಲಿನ್ನೂ ಇದೆ.

ಅವೂ ಹೀಗೇ ಇದ್ದವೇನೋ ಆಗ,
ಅನಿಲವನ್ನು ಸೊಪ್ಪಿನ ಹಾಗೆ ಮೇಯುತ್ತ
ವರ್ಷಕ್ಕೆ ಸಾವಿರಾರು ಸೂರ್ಯರನ್ನು ಹೆರುತ್ತ.
ನಮ್ಮ ಹಾಲುಹಾದಿಯ ಮುದುಕಿಗೆ ಈಗ
ವರ್ಷಕ್ಕೆ ಒಂದೆರಡಾದರೆ ಹೆಚ್ಚು.

ಹುಳು ಹಣ್ಣಾದ ಸಂಜೆ
ಚಂದ್ರಿಕೆ ಹೊರಗೆ ತೆಗೆದೆ.
ನಡುವಿನಿಂದ ಸುತ್ತಿ ಸುತ್ತಿ ಹೊರಟ ಬಿದಿರು.
ಪತ್ರಿಕೆಯ ಚಿತ್ರದಲ್ಲಿ ಸುರುಳಿ ಇರಲಿಲ್ಲ,
ಬರೀ ಕೆಂಪು ಕಲೆ. ಸುರುಳಿಯೆಲ್ಲ ನಮ್ಮ ಅಂಗಳದಲ್ಲಿ.
ಎಣಿಸಿದೆ: ಹನ್ನೊಂದು.
ಯಾಕೋ ಹಟ ಬಂತು.
ಅಕ್ಕಯಮ್ಮನ ಮನೆಯಿಂದ ಮೂರು ಎರವಲು ತಂದೆ.

ಗೂಡು ಬಿಡಿಸಿ ಮೇಲೂರಿನಿಂದ ಶಿಡ್ಲಘಟ್ಟಕ್ಕೆ.
ಹರಾಜು ಮುಗಿದ ಮೇಲೆ ಪ್ಯಾರೀಜಾನಳಿಗೆ
ಮಡಿಚಿಟ್ಟಿದ್ದ ಪುಟ ತೋರಿಸಿದೆ.
ಕುದಿವ ಬೇಸಿನ್ನಿನಲ್ಲಿ ಬೆರಳಾಡಿಸುತ್ತಲೇ ಕೇಳಿದಳು:
"ಧೂಳು ಮುಚ್ಚಿತ್ತು ಅಂತೀರ, ಕಂಡದ್ದು ಹೆಂಗೆ?"

ಧೂಳು ಬೆಳಕನ್ನು ನುಂಗಿ ಬೆಚ್ಚಗಾಗುತ್ತಂತೆ, ಅಂದೆ.
ಆ ಬಿಸುಪು ಹೊರಟು
ದಾರಿಯುದ್ದಕ್ಕೂ ಜಗ್ಗಿ ಜಗ್ಗಿ
ಗೂಡಿನ ಎಳೆಯಂತೆ ಉದ್ದವಾಗಿ
ಇಲ್ಲಿಗೆ ಮುಟ್ಟುವಾಗ ಕಣ್ಣಿಗೆ ನಿಲುಕದ ಅಲೆ.

"ಹಂಗಾದ್ರೆ ನೋಡಿದ್ದಲ್ಲ ಬಿಡಿ, ಮುಟ್ಟಿದ್ದು."
ಮೂವತ್ತು ವರ್ಷ ಹಬೆಯೊಳಗೆ ಕೂತು
ಕಾಣದ ಎಳೆಯ ತುದಿಯನ್ನು
ಸುಟ್ಟ ಬೆರಳಲ್ಲೇ ಹಿಡಿದವಳು ನಕ್ಕಳು.
ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ
ನನಗೆ ಮೂವತ್ತೈದು; ಎದುರಾಡಲಿಲ್ಲ.

ಒಂದು ಮಾತು ಮಾತ್ರ ಆಡದೆ ಬಂದೆ.
ಅಲ್ಲಿ ಧೂಳಿನ ಗೂಡು ತಾನೇ ಹರಿದು
ಒಳಗಿನದು ಹೊರಗೆ ಬರುತ್ತದೆ.
ನಮ್ಮಲ್ಲಿ ರೆಕ್ಕೆ ಮೂಡುವ ಮೊದಲೇ ಬಿಸಿನೀರು.
ಒಡೆದ ಗೂಡಿಗೆ ಬೆಲೆಯಿಲ್ಲ.

ಬಸ್ಸಿನಲ್ಲಿ ಹೊಳೆಯಿತು:
ಆ ಹದಿನಾಲ್ಕೂ ಈಗ ಹದಿನಾಲ್ಕಾಗಿ ಇರಲಾರವು.
ಕೂಡಿ ಒಂದಾಗಿ, ಭಾರವಾಗಿ,
ಹೆರುವುದು ಬಿಟ್ಟು ಎಷ್ಟು ಕಾಲವಾಯಿತೋ.
ಸುದ್ದಿ ನಮಗೆ ಈಗ ತಲುಪಿತು ಅಷ್ಟೆ,
ತವರಿನ ಕಾಗದ ತಡವಾಗಿ ಬಂದ ಹಾಗೆ.

ಅಕ್ಕಯಮ್ಮನ ಮೂರನ್ನು ಹಿಂತಿರುಗಿಸಿದೆ.
ಹನ್ನೊಂದು ಗೋಡೆಗೆ ಒರಗಿ ನಿಂತಿವೆ, ಖಾಲಿ,
ಸುರುಳಿಗಳ ನಡುವೆ ಅಲ್ಲಲ್ಲಿ ಬಿಳಿ ನಾರು.
ಕತ್ತಲಾದ ಮೇಲೆ ಒಂದನ್ನು ಮುಟ್ಟಿದೆ.
ಇನ್ನೂ ಬೆಚ್ಚಗಿತ್ತು.
ಹಗಲು ಬಿಸಿಲಿಗೆ ಇಟ್ಟಿದ್ದಕ್ಕಿರಬೇಕು.